ಮೊಬೈಲ್ ಆ್ಯಪ್‌ಗಳಲ್ಲಿ ಅಡಕವಾದ ಚಿತ್ರಕಡತಗಳು: ನೆಲೆ, ಪಾಠಭೇದ ಮತ್ತು ಆಕರನಿರ್ದೇಶನ

1. ಪೀಠಿಕೆ

ಮಕ್ಕಳಿಗೆ ಅಕ್ಷರಮಾಲೆಯನ್ನು ಕಲಿಸುವ, ದಿನಕ್ಕೊಂದು ವಚನವನ್ನು ತೋರಿಸುವ, ಪಂಚಾಂಗವನ್ನೋ ಗಾದೆಗಳ ಸಂಗ್ರಹವನ್ನೋ ಒದಗಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಬರಹವು ಎರಡು ರೂಪಗಳಲ್ಲಿ ಇರಬಲ್ಲುದು. ಒಂದು, ಯೂನಿಕೋಡ್ ಸಂಕೇತಗಳ ಸರಣಿಯಾಗಿ ಉಳಿದ ಪಠ್ಯ. ಇನ್ನೊಂದು, ಚಿತ್ರವಾಗಿ ಉಳಿದ ಅಕ್ಷರ. ತೆರೆಯ ಮೇಲೆ ಇವೆರಡೂ ಒಂದೇ ಬಗೆಯಾಗಿ ಕಾಣಬಹುದು. ಆದರೆ ಮೊದಲನೆಯದನ್ನು ಹುಡುಕಬಹುದು, ನಕಲು ಮಾಡಿಕೊಳ್ಳಬಹುದು, ಪದಸೂಚಿಗೆ ಅಳವಡಿಸಬಹುದು. ಎರಡನೆಯದು ನೇರವಾಗಿ ಇದಾವುದಕ್ಕೂ ಒದಗುವುದಿಲ್ಲ. ಓದುಗನಿಗೆ ಅದು ಬರಹವಾದರೂ ಯಂತ್ರದ ಪಾಲಿಗೆ ಬಣ್ಣದ ಚುಕ್ಕೆಗಳ ಒಂದು ಚೌಕಟ್ಟು ಮಾತ್ರ.

ಕನ್ನಡವು ಹೀಗೆ ಚಿತ್ರವಾಗಬೇಕಾಗಿ ಬಂದುದಕ್ಕೆ ಚಾರಿತ್ರಿಕ ಕಾರಣವಿದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ಗುಣಿತಾಕ್ಷರ ಮತ್ತು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಸಾಮರ್ಥ್ಯ ಮೊಬೈಲ್ ಫೋನುಗಳಿಗೆ ಬರಲು ಬಹುಕಾಲ ಹಿಡಿಯಿತು. ಆಂಡ್ರಾಯ್ಡ್ ವ್ಯವಸ್ಥೆಯುಳ್ಳ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಆ ವ್ಯವಸ್ಥೆಯು ಕನ್ನಡ, ತೆಲುಗು ಮತ್ತು ಮಲಯಾಳಂ ಭಾಷೆಗಳಿಗೆ ಬೆಂಬಲವನ್ನು ಘೋಷಿಸಿದ್ದು 2012ರ 4.1ನೆಯ ಆವೃತ್ತಿಯಲ್ಲಿ. ನಡುವಣ ವರ್ಷಗಳಲ್ಲಿ ಕನ್ನಡವನ್ನು ತೋರಿಸಬಯಸಿದ ತಯಾರಕರಿಗೆ ಇದ್ದ ದಾರಿಗಳಲ್ಲಿ ಬರಹವನ್ನೇ ಚಿತ್ರವಾಗಿಸುವುದು ಒಂದು. ಆ ಕಾಲದ ಒಪೆರಾ ಮಿನಿ ಜಾಲದರ್ಶಕದಲ್ಲಿ ಸಂಕೀರ್ಣ ಲಿಪಿಗಳನ್ನು ಬಿಂದುಚಿತ್ರಗಳಾಗಿ ತರಿಸಿಕೊಳ್ಳುವ ಆಯ್ಕೆಯೇ ಇದ್ದುದನ್ನು ಇಲ್ಲಿ ನೆನೆಯಬಹುದು.

ಈ ಆ್ಯಪ್‌ಗಳ ಆಯುಷ್ಯ ಕಿರಿದು. 2023ರಲ್ಲಿ ಬಂದ ಆಂಡ್ರಾಯ್ಡ್ 14ನೆಯ ಆವೃತ್ತಿಯು ತೀರ ಹಳೆಯ ಆವೃತ್ತಿಗಳನ್ನು ಗುರಿಯಾಗಿಟ್ಟುಕೊಂಡು ಸಿದ್ಧವಾದ ಆ್ಯಪ್‌ಗಳ ಸ್ಥಾಪನೆಯನ್ನೇ ತಡೆಯುತ್ತದೆ. ತಯಾರಕರು ಕಾಲಕಾಲಕ್ಕೆ ಪರಿಷ್ಕರಿಸದ ಆ್ಯಪ್‌ಗಳು ಹೊಸ ಫೋನು ಕೊಂಡವರಿಗೆ ಗೂಗಲ್ ಪ್ಲೇ ಮಳಿಗೆಯಲ್ಲಿ ಕಾಣಸಿಗುವುದಿಲ್ಲ. ಆದರೆ ಓಡದ ಆ್ಯಪ್ ಓದಲಾಗದ ಆ್ಯಪ್ ಅಲ್ಲ. ಅದರ ಪೊಟ್ಟಣವು ಕೈಯಲ್ಲಿದ್ದರೆ, ಚಿತ್ರಗಳು ಎಲ್ಲಿರುತ್ತವೆ ಎಂಬುದನ್ನು ಬಲ್ಲ ಸಂಶೋಧಕನು ಅವುಗಳನ್ನು ಹೊರತೆಗೆದು ಅಭ್ಯಾಸ ಮಾಡಬಹುದು. ತೆರೆಯ ಮೇಲಿನ ನೋಟವು ಆಕರವಲ್ಲ, ಪೊಟ್ಟಣದೊಳಗಿನ ಕಡತವೇ ಆಕರ ಎಂಬ ನಿಲವನ್ನು ಪ್ರತಿಪಾದಿಸಿ, ಆ ಕಡತದ ನೆಲೆಯನ್ನು ಗುರುತಿಸುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಫೋಲ್ಡರು ಮತ್ತು ಕಡತಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ಕೊಟ್ಟಿದೆ. ಪೊಟ್ಟಣದಲ್ಲಿ ಅವು ರೋಮನ್ ಲಿಪಿಯಲ್ಲಿರುತ್ತವೆ.

2. ಪೊಟ್ಟಣದ ಸ್ವರೂಪ

ಆಂಡ್ರಾಯ್ಡ್ ಆ್ಯಪ್‌ನ ಪೊಟ್ಟಣಕ್ಕೆ ‘ಎಪಿಕೆ’ ಎಂದು ಹೆಸರು. ಹೆಸರು ಹೊಸದಾದರೂ ರಚನೆ ಹಳೆಯದು. 1989ರಲ್ಲಿ ಫಿಲ್ ಕಾಟ್ಸ್ ಬಳಕೆಗೆ ತಂದ ‘ಜಿಪ್’ ಎಂಬ ಅಡಕ ಕಡತದ ಮಾದರಿಯೇ ಇದಕ್ಕೆ ಆಧಾರ. ಆದಕಾರಣ ಪೊಟ್ಟಣದ ಒಂದು ನಕಲನ್ನು ಮಾಡಿಕೊಂಡು, ಅದರ ಹೆಸರಿನ ಕೊನೆಯಲ್ಲಿರುವ ‘ಎಪಿಕೆ’ ಎಂಬುದನ್ನು ‘ಜಿಪ್’ ಎಂದು ಬದಲಾಯಿಸಿದರೆ ಯಾವುದೇ ಸಾಮಾನ್ಯ ಗಣಕದಲ್ಲಿ ಅದನ್ನು ಬಿಚ್ಚಬಹುದು. ಇದಕ್ಕೆ ವಿಶೇಷ ತಂತ್ರಾಂಶವಾಗಲಿ, ಆ ಆ್ಯಪ್ ಓಡಬಲ್ಲ ಫೋನಾಗಲಿ ಬೇಕಾಗಿಲ್ಲ.

ಬಿಚ್ಚಿದಾಗ ಸಾಮಾನ್ಯವಾಗಿ ಕಾಣುವ ಭಾಗಗಳು ಇವು. ‘ಆಂಡ್ರಾಯ್ಡ್ ಮ್ಯಾನಿಫೆಸ್ಟ್’ ಎಂಬ ಕಡತವು ಆ್ಯಪ್‌ನ ಗುರುತಿನ ಹೆಸರು, ಆವೃತ್ತಿ ಮೊದಲಾದ ವಿವರಗಳನ್ನು ಹೇಳುತ್ತದೆ. ‘ಕ್ಲಾಸಸ್’ ಎಂಬ ಹೆಸರಿನ ಡೆಕ್ಸ್ ಕಡತದಲ್ಲಿ ಆ್ಯಪ್‌ನ ಕ್ರಮವಿಧಿ ಇರುತ್ತದೆ. ‘ಲಿಬ್’ ಫೋಲ್ಡರಿನಲ್ಲಿ ಸಂಸ್ಕಾರಕದ ಬಗೆಗೆ ತಕ್ಕ ಭಾಗಗಳೂ ‘ಮೆಟಾ-ಇನ್ಫ್’ ಫೋಲ್ಡರಿನಲ್ಲಿ ಸಹಿಗೆ ಸಂಬಂಧಿಸಿದ ವಿವರಗಳೂ ಇರುತ್ತವೆ. ಚಿತ್ರಗಳ ಅಭ್ಯಾಸಕ್ಕೆ ಮುಖ್ಯವಾದವು ಇನ್ನುಳಿದ ಮೂರು: ‘ರೆಸ್’ ಫೋಲ್ಡರು, ‘ಅಸೆಟ್ಸ್’ ಫೋಲ್ಡರು ಮತ್ತು ‘ರಿಸೋರ್ಸಸ್.ಎಆರ್‌ಎಸ್‌ಸಿ’ ಎಂಬ ಸೂಚಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೊಟ್ಟಣದೊಳಗಿನ ಪಿಎನ್‌ಜಿ, ಜೆಪೆಗ್, ವೆಬ್‌ಪಿ ಚಿತ್ರಗಳನ್ನು ಹಾಗೆಯೇ ತೆರೆದು ನೋಡಬಹುದು. ಆದರೆ ‘ರೆಸ್’ ಫೋಲ್ಡರಿನ ಎಕ್ಸ್‌ಎಂಎಲ್ ಕಡತಗಳು ಯಂತ್ರಕ್ಕೆ ಅನುಕೂಲವಾದ ದ್ವಿಮಾನ ರೂಪಕ್ಕೆ ಪರಿವರ್ತಿತವಾಗಿರುವುದರಿಂದ ಅವು ಪಠ್ಯ ಸಂಪಾದಕದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅವುಗಳನ್ನು ಮರಳಿ ಓದಬಲ್ಲ ರೂಪಕ್ಕೆ ತರಲು ‘ಎಪಿಕೆಟೂಲ್’ ಎಂಬ ಮುಕ್ತ ತಂತ್ರಾಂಶ ಅಥವಾ ‘ಆಂಡ್ರಾಯ್ಡ್ ಸ್ಟುಡಿಯೋ’ದಲ್ಲಿರುವ ಪೊಟ್ಟಣ ವಿಶ್ಲೇಷಕ ನೆರವಾಗುತ್ತದೆ.

3. ‘ರೆಸ್’ ಫೋಲ್ಡರಿನ ವ್ಯವಸ್ಥೆ

ಆಂಡ್ರಾಯ್ಡ್ ವ್ಯವಸ್ಥೆಯು ತಾನೇ ಅರಿತು ನಿರ್ವಹಿಸುವ ಸಂಪನ್ಮೂಲಗಳೆಲ್ಲ ‘ರೆಸ್’ ಫೋಲ್ಡರಿನಲ್ಲಿರುತ್ತವೆ. ಇದರ ಒಳಗೆ ತಯಾರಕನು ತನಗೆ ತೋಚಿದ ಹೆಸರಿನ ಫೋಲ್ಡರುಗಳನ್ನು ಮಾಡುವಂತಿಲ್ಲ. ಚಿತ್ರಗಳಿಗೆ ‘ಡ್ರಾಯಬಲ್’, ಆ್ಯಪ್‌ನ ಲಾಂಛನಕ್ಕೆ ‘ಮಿಪ್‌ಮ್ಯಾಪ್’, ಪಠ್ಯ ಮತ್ತು ಬಣ್ಣಗಳಿಗೆ ‘ವ್ಯಾಲ್ಯೂಸ್’, ಯಾವ ಸಂಸ್ಕರಣವೂ ಬೇಡವಾದ ಕಡತಗಳಿಗೆ ‘ರಾ’ ಎಂಬ ಹೆಸರುಗಳು ನಿಗದಿಯಾಗಿವೆ. ‘ಡ್ರಾಯಬಲ್’ ಒಳಗೆ ಮತ್ತೆ ಒಳಫೋಲ್ಡರುಗಳನ್ನು ಮಾಡುವುದಕ್ಕೆ ಅವಕಾಶವಿಲ್ಲ. ಕಡತದ ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಬರಬಹುದು. ಆದುದರಿಂದ ಚಿತ್ರದಲ್ಲಿ ಕನ್ನಡದ ‘ಕ’ ಇದ್ದರೂ ಅದರ ಹೆಸರು ಕನ್ನಡದಲ್ಲಿರುವುದಿಲ್ಲ. ಅಕ್ಷರಗಳ ಹೆಸರನ್ನು ತಯಾರಕನು ರೋಮನ್ ಲಿಪಿಗೆ ಹೇಗೆ ಇಳಿಸಿದ್ದಾನೆ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಹೇಗೆ ಬೇರ್ಪಡಿಸಿದ್ದಾನೆ, ಅಥವಾ ಕೇವಲ ಕ್ರಮಸಂಖ್ಯೆ ಕೊಟ್ಟು ಸುಮ್ಮನಾಗಿದ್ದಾನೆಯೇ ಎಂಬುದನ್ನು ಗಮನಿಸಿಯೇ ಹುಡುಕಾಟವನ್ನು ಆರಂಭಿಸಬೇಕಾಗುತ್ತದೆ.

ಒಂದೇ ಚಿತ್ರವು ಅನೇಕ ‘ಡ್ರಾಯಬಲ್’ ಫೋಲ್ಡರುಗಳಲ್ಲಿ ಒಂದೇ ಹೆಸರಿನಲ್ಲಿ ಇರುವುದು ಸಾಮಾನ್ಯ. ಇದು ಪುನರುಕ್ತಿಯಲ್ಲ. ಫೋನುಗಳ ತೆರೆಯ ಸಾಂದ್ರತೆ, ಎಂದರೆ ಒಂದು ಅಂಗುಲದಲ್ಲಿ ಅಡಗುವ ಚುಕ್ಕೆಗಳ ಸಂಖ್ಯೆ, ಬೇರೆಬೇರೆಯಾಗಿರುವುದರಿಂದ ಪ್ರತಿಯೊಂದಕ್ಕೂ ತಕ್ಕ ಅಳತೆಯ ಪ್ರತಿಯನ್ನು ಒದಗಿಸಲಾಗುತ್ತದೆ. ಫೋಲ್ಡರಿನ ಹೆಸರಿಗೆ ಅಡ್ಡಗೆರೆಯೊಡನೆ ಸೇರುವ ವಿಶೇಷಣವು ಈ ಅಳತೆಯನ್ನು ಸೂಚಿಸುತ್ತದೆ. ‘ಎಲ್‌ಡಿಪಿಐ’ ಎಂದರೆ ಅಂಗುಲಕ್ಕೆ 120 ಚುಕ್ಕೆ, ‘ಎಂಡಿಪಿಐ’ 160, ‘ಎಚ್‌ಡಿಪಿಐ’ 240, ‘ಎಕ್ಸ್‌ಎಚ್‌ಡಿಪಿಐ’ 320, ‘ಎಕ್ಸ್‌ಎಕ್ಸ್‌ಎಚ್‌ಡಿಪಿಐ’ 480, ‘ಎಕ್ಸ್‌ಎಕ್ಸ್‌ಎಕ್ಸ್‌ಎಚ್‌ಡಿಪಿಐ’ 640. ಎಂಡಿಪಿಐ ಪ್ರತಿಯಲ್ಲಿ 48 ಚುಕ್ಕೆ ಅಗಲವಿರುವ ಚಿತ್ರವು ಉಳಿದವುಗಳಲ್ಲಿ ಕ್ರಮವಾಗಿ 36, 72, 96, 144 ಮತ್ತು 192 ಚುಕ್ಕೆಗಳ ಅಗಲವಿರಬೇಕು. ಒತ್ತಕ್ಷರಗಳ ತಿರುವು, ತಲೆಕಟ್ಟಿನ ಬಾಗು, ದೀರ್ಘದ ಕೊಂಬು ಇವುಗಳನ್ನು ಪರಿಶೀಲಿಸುವ ಲಿಪಿಸಂಶೋಧಕನು ಮೊದಲು ಅತ್ಯಂತ ಹೆಚ್ಚಿನ ಸಾಂದ್ರತೆಯ ಫೋಲ್ಡರನ್ನು ನೋಡುವುದು ಯುಕ್ತ.

ಸಾಂದ್ರತೆಯಂತೆಯೇ ಭಾಷೆಯೂ ಒಂದು ವಿಶೇಷಣ. ಅಂತಾರಾಷ್ಟ್ರೀಯ ಮಾನಕದಲ್ಲಿ ಕನ್ನಡದ ಎರಡಕ್ಷರದ ಸಂಕೇತ ‘ಕೆಎನ್’. ಆದ್ದರಿಂದ ‘ಡ್ರಾಯಬಲ್-ಕೆಎನ್’ ಎಂಬ ಫೋಲ್ಡರಿದ್ದರೆ ಅದು ಕನ್ನಡ ಓದುಗರಿಗೆಂದೇ ಮೀಸಲಾದ ಚಿತ್ರಗಳ ನೆಲೆ. ‘ವ್ಯಾಲ್ಯೂಸ್-ಕೆಎನ್’ ಕನ್ನಡ ಪಠ್ಯದ ನೆಲೆ. ತುಳು, ಕೊಡವ ಭಾಷೆಗಳಿಗೆ ಎರಡಕ್ಷರದ ಸಂಕೇತವಿಲ್ಲ. ‘ಟಿಸಿವೈ’, ‘ಕೆಎಫ್ಎ’ ಎಂಬ ಮೂರಕ್ಷರದ ಸಂಕೇತಗಳಿವೆ. ಇಂಥವುಗಳಿಗೂ ಎಡೆಗೊಡುವ ವಿಸ್ತೃತ ಭಾಷಾಸೂಚಕ ಪದ್ಧತಿಯು 2016ರ ಆಂಡ್ರಾಯ್ಡ್ 7.0ರಲ್ಲಿ ಜಾರಿಗೆ ಬಂದಿತು. ಒಂದು ಆ್ಯಪ್ ಕನ್ನಡವನ್ನು ಎಷ್ಟರಮಟ್ಟಿಗೆ ಒಳಗೊಂಡಿದೆ ಎಂಬುದಕ್ಕೆ ಅದರ ಜಾಹೀರಾತಿಗಿಂತ ಈ ಫೋಲ್ಡರುಗಳು ಹೆಚ್ಚು ನಂಬತಕ್ಕ ಸಾಕ್ಷ್ಯ.

4. ಆಯ್ಕೆಯ ನಿಯಮ ಮತ್ತು ಪಾಠಭೇದ

ಹೀಗೆ ಒಂದೇ ಹೆಸರಿನ ಹಲವು ಪ್ರತಿಗಳಿರುವಾಗ ತೆರೆಯ ಮೇಲೆ ಬರುವುದು ಯಾವುದು? ಇದನ್ನು ಆ್ಯಪ್‌ನ ಕ್ರಮವಿಧಿ ನಿರ್ಧರಿಸುವುದಿಲ್ಲ. ಆಂಡ್ರಾಯ್ಡ್ ವ್ಯವಸ್ಥೆ ನಿರ್ಧರಿಸುತ್ತದೆ. ಕ್ರಮವಿಧಿಯು ಚಿತ್ರವನ್ನು ಅದರ ಹೆಸರಿನಿಂದಲ್ಲ, ಒಂದು ಗುರುತುಸಂಖ್ಯೆಯಿಂದ ಕರೆಯುತ್ತದೆ. 32 ಬಿಟ್‌ಗಳ ಈ ಸಂಖ್ಯೆಯ ಮೊದಲ 8 ಬಿಟ್‌ಗಳು ಪೊಟ್ಟಣವನ್ನೂ, ಮುಂದಿನ 8 ಸಂಪನ್ಮೂಲದ ಬಗೆಯನ್ನೂ, ಉಳಿದ 16 ಅದರ ಕ್ರಮಾಂಕವನ್ನೂ ಸೂಚಿಸುತ್ತವೆ. ಈ ಸಂಖ್ಯೆಗೆ ಯಾವ ಹೆಸರು, ಆ ಹೆಸರಿಗೆ ಯಾವ ಯಾವ ಫೋಲ್ಡರಿನಲ್ಲಿ ಕಡತಗಳಿವೆ ಎಂಬುದನ್ನು ‘ರಿಸೋರ್ಸಸ್.ಎಆರ್‌ಎಸ್‌ಸಿ’ ಸೂಚಿಯು ಹೇಳುತ್ತದೆ.

ಆಯ್ಕೆಯು ಜರಡಿ ಹಿಡಿದಂತೆ ನಡೆಯುತ್ತದೆ. ಫೋನಿನ ಸ್ಥಿತಿಗೆ ವಿರುದ್ಧವಾದ ವಿಶೇಷಣವುಳ್ಳ ಫೋಲ್ಡರುಗಳನ್ನು ವ್ಯವಸ್ಥೆಯು ಮೊದಲು ಕೈಬಿಡುತ್ತದೆ. ಉಳಿದವುಗಳಲ್ಲಿ ವಿಶೇಷಣಗಳ ಒಂದು ಗೊತ್ತಾದ ಶ್ರೇಣಿಯನ್ನು ಅನುಸರಿಸಿ ಒಂದೊಂದನ್ನೇ ಬೇರ್ಪಡಿಸುತ್ತದೆ. ಈ ಶ್ರೇಣಿಯಲ್ಲಿ ಭಾಷೆಯ ಸ್ಥಾನ ಮೇಲಿದೆ, ಸಾಂದ್ರತೆಯ ಸ್ಥಾನ ಬಹಳ ಕೆಳಗಿದೆ. ಸಾಂದ್ರತೆಯೊಂದು ಮಾತ್ರ ಹೊಂದದಿದ್ದರೂ ಕೈಬಿಟ್ಟುಹೋಗುವುದಿಲ್ಲ; ಹತ್ತಿರದ ಪ್ರತಿಯನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ ತೋರಿಸಲಾಗುತ್ತದೆ.

ಈ ನಿಯಮದ ಎರಡು ಪರಿಣಾಮಗಳು ಕನ್ನಡ ಸಂಶೋಧಕರಿಗೆ ಮುಖ್ಯವಾದವು. ಒಂದನೆಯದು, ಫೋನಿನ ಭಾಷೆ ಇಂಗ್ಲಿಷ್ ಆಗಿರುವವರೆಗೆ ‘ಡ್ರಾಯಬಲ್-ಕೆಎನ್’ ಒಳಗಿನ ಚಿತ್ರಗಳು ತೆರೆಗೆ ಬರುವುದೇ ಇಲ್ಲ. ಇಂಗ್ಲಿಷಿಗೆ ಹೊಂದಿಸಿದ ಫೋನಿನಲ್ಲಿ ಆ್ಯಪ್‌ನ್ನು ನೋಡಿ, ಅದರಲ್ಲಿ ಕನ್ನಡದ ಚಿತ್ರಗಳಿಲ್ಲವೆಂದು ಬರೆದರೆ ತೀರ್ಮಾನ ತಪ್ಪಾಗುತ್ತದೆ. 2022ರ ಆಂಡ್ರಾಯ್ಡ್ 13ರಿಂದ ಪ್ರತಿಯೊಂದು ಆ್ಯಪ್‌ಗೂ ಬೇರೆ ಭಾಷೆಯನ್ನು ಗೊತ್ತುಪಡಿಸುವ ಅನುಕೂಲವಿರುವುದರಿಂದ ಫೋನಿನ ಒಟ್ಟು ಭಾಷೆಯನ್ನು ನೋಡಿದರೆ ಸಾಲದು, ಆ್ಯಪ್‌ನ ಭಾಷೆಯನ್ನೂ ನೋಡಬೇಕು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಒಂದು ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರಗಳು 480 ಚುಕ್ಕೆಯ ಸಾಂದ್ರತೆಯಲ್ಲಿದ್ದು, ಕನ್ನಡದ ಚಿತ್ರಗಳು 160ರ ಸಾಂದ್ರತೆಯಲ್ಲಿ ಮಾತ್ರ ಇವೆ ಎಂದುಕೊಳ್ಳೋಣ. ಕನ್ನಡಕ್ಕೆ ಹೊಂದಿಸಿದ, 480ರ ಸಾಂದ್ರತೆಯುಳ್ಳ ಫೋನಿನಲ್ಲಿ ಭಾಷೆಗೇ ಮೊದಲ ಮನ್ನಣೆ ಸಲ್ಲುವುದರಿಂದ 160ರ ಕನ್ನಡ ಚಿತ್ರವೇ ಆಯ್ಕೆಯಾಗಿ, ಮೂರು ಪಟ್ಟು ಹಿಗ್ಗಿ, ಮಸುಕಾಗಿ ಕಾಣುತ್ತದೆ. ಅದೇ ಫೋನಿನಲ್ಲಿ ಇಂಗ್ಲಿಷ್ ಚಿತ್ರ ಸ್ಪಷ್ಟವಾಗಿರುತ್ತದೆ. ಈ ಮಸುಕು ಲಿಪಿಯ ದೋಷವಲ್ಲ, ಫೋನಿನ ದೋಷವೂ ಅಲ್ಲ; ಕನ್ನಡಕ್ಕೆ ಸಾಕಷ್ಟು ಪ್ರತಿಗಳನ್ನು ಒದಗಿಸದ ಆ್ಯಪ್‌ನ ಕೊರತೆ. ತೆರೆಯ ಛಾಯೆಯನ್ನಷ್ಟೇ ಸೆರೆಹಿಡಿದರೆ ಈ ಕಾರಣ ತಿಳಿಯುವುದಿಲ್ಲ. ಫೋಲ್ಡರನ್ನು ನೋಡಿದರೆ ತಿಳಿಯುತ್ತದೆ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ತೆರೆಯ ಮೇಲಿನ ಚಿತ್ರವು ಹಲವು ಪ್ರತಿಗಳಲ್ಲಿ ಒಂದರ ಪಾಠ ಮಾತ್ರ. ಡಿ. ಎಲ್. ನರಸಿಂಹಾಚಾರ್ಯರು ಕನ್ನಡದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ಸಂಪಾದನಶಾಸ್ತ್ರವು ಒಂದೇ ಪ್ರತಿಯನ್ನು ನೆಚ್ಚಿ ಪಾಠನಿರ್ಣಯ ಮಾಡುವ ಅಪಾಯವನ್ನು ಕಲಿಸಿದೆ. ಆದರೆ ಹೋಲಿಕೆಗೆ ಮಿತಿಯಿದೆ. ಓಲೆಗರಿಯ ಪಾಠಾಂತರಗಳು ಲಿಪಿಕಾರರ ಕೈಯಲ್ಲಿ, ಬಹುಮಟ್ಟಿಗೆ ಅವರಿಗೆ ಅರಿವಿಲ್ಲದೆಯೇ ಹುಟ್ಟಿದವು. ಆ್ಯಪ್‌ನ ಪ್ರತಿಭೇದಗಳು ಉದ್ದೇಶಪೂರ್ವಕವಾಗಿ, ಒಂದೇ ಕಾಲದಲ್ಲಿ ಸಿದ್ಧವಾದವು. ಇಲ್ಲಿ ಮೂಲಪಾಠವನ್ನು ಪುನರ್ರಚಿಸಬೇಕಾದುದಿಲ್ಲ. ಎಲ್ಲ ಪ್ರತಿಗಳನ್ನೂ ದಾಖಲಿಸಬೇಕಾದುದು ಮಾತ್ರ.

5. ‘ಅಸೆಟ್ಸ್’ ಫೋಲ್ಡರು

‘ರೆಸ್’ ಒಳಗೆ ಹುಡುಕಿದ ಚಿತ್ರ ಸಿಗದಿದ್ದರೆ ‘ಅಸೆಟ್ಸ್’ ಕಡೆಗೆ ತಿರುಗಬೇಕು. ಇದು ತಯಾರಕನಿಗೆ ಬಿಟ್ಟುಕೊಟ್ಟ ಜಾಗ. ಇಲ್ಲಿ ಎಷ್ಟು ಆಳದ ಒಳಫೋಲ್ಡರುಗಳಾದರೂ ಇರಬಹುದು, ಹೆಸರಿಗೆ ‘ರೆಸ್’ನಂಥ ಕಟ್ಟುಪಾಡಿಲ್ಲ, ಕಡತಗಳಿಗೆ ಗುರುತುಸಂಖ್ಯೆಯೂ ಇಲ್ಲ. ಕ್ರಮವಿಧಿಯು ದಾರಿಯ ಹೆಸರನ್ನೇ ಹಿಡಿದು ಕಡತವನ್ನು ತೆರೆಯುತ್ತದೆ. ಭಾಷೆಗೂ ಸಾಂದ್ರತೆಗೂ ತಕ್ಕ ಆಯ್ಕೆಯನ್ನು ಆಂಡ್ರಾಯ್ಡ್ ವ್ಯವಸ್ಥೆ ಇಲ್ಲಿ ಮಾಡುವುದಿಲ್ಲ. ನೂರಾರು ಪುಟಗಳ ಚಿತ್ರರೂಪದ ಪುಸ್ತಕ, ಕಥೆಯ ಚಿತ್ರಮಾಲೆ ಮೊದಲಾದ ಕ್ರಮಬದ್ಧ ಸಾಮಗ್ರಿಗೆ ಈ ಜಾಗ ಹೊಂದುತ್ತದೆ.

ಅಕ್ಷರವಿನ್ಯಾಸದ ಕಡತಗಳನ್ನು, ಎಂದರೆ ಫಾಂಟುಗಳನ್ನು, ಇಡುವ ರೂಢಿಯೂ ಇಲ್ಲಿಯೇ. ಯೂನಿಕೋಡಿಗೆ ಹೊರತಾದ ಹಳೆಯ ಸಂಕೇತಕ್ರಮದ ಫಾಂಟನ್ನು ಬಳಸಿದ ಆ್ಯಪ್‌ನಲ್ಲಿ ಪಠ್ಯವು ಹೊರನೋಟಕ್ಕೆ ರೋಮನ್ ಅಕ್ಷರಗಳ ಗೊಂದಲವಾಗಿ ಕಂಡರೂ ಆ ಫಾಂಟಿನ ಮೂಲಕ ಕನ್ನಡವಾಗುತ್ತದೆ. ಚಿತ್ರಗಳನ್ನು ಹುಡುಕುತ್ತ ಹೋದವರು ಚಿತ್ರವಿಲ್ಲವೆಂದು ಹಿಂದಿರುಗುವ ಮುನ್ನ ಫಾಂಟಿನ ಕಡತವಿದೆಯೇ ಎಂದು ನೋಡುವುದು ಒಳ್ಳೆಯದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಅನುಭವವುಳ್ಳವರಿಗೆ ಈ ಸಮಸ್ಯೆ ಹೊಸದಲ್ಲ.

ಆ್ಯಪ್ ರಚನೆಗೆ ಬಳಸಿದ ಸಾಧನವೂ ಚಿತ್ರದ ನೆಲೆಯನ್ನು ನಿರ್ಧರಿಸುತ್ತದೆ. ‘ಫ್ಲಟರ್’ ಸಾಧನದಿಂದ ಸಿದ್ಧವಾದವುಗಳಲ್ಲಿ ಚಿತ್ರಗಳು ‘ಅಸೆಟ್ಸ್’ ಒಳಗಿನ ‘ಫ್ಲಟರ್_ಅಸೆಟ್ಸ್’ ಎಂಬ ಫೋಲ್ಡರಿನಲ್ಲಿರುತ್ತವೆ. ಹೆಚ್ಚಿನ ಸಾಂದ್ರತೆಯ ಪ್ರತಿಗಳಿಗೆ ಅಲ್ಲಿ 2.0, 3.0 ಎಂಬ ಗುಣಕಗಳ ಹೆಸರಿನ ಒಳಫೋಲ್ಡರುಗಳಿರುತ್ತವೆ. ‘ರಿಯಾಕ್ಟ್ ನೇಟಿವ್’ ಸಾಧನವು ತಯಾರಕನ ಗಣಕದಲ್ಲಿದ್ದ ಫೋಲ್ಡರುಗಳ ದಾರಿಯನ್ನು ಅಡಿಗೆರೆಗಳಿಂದ ಪೋಣಿಸಿ, ಉದ್ದವಾದ ಒಂದೇ ಹೆಸರನ್ನಾಗಿಸಿ ‘ಡ್ರಾಯಬಲ್’ ಒಳಗೆ ಇಡುತ್ತದೆ. ತಯಾರಕನು ಸಾಮಗ್ರಿಯನ್ನು ಹೇಗೆ ವರ್ಗೀಕರಿಸಿಕೊಂಡಿದ್ದನೆಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಆಟಗಳ ರಚನೆಗೆ ಬಳಸುವ ‘ಯೂನಿಟಿ’ಯಲ್ಲಿ ಚಿತ್ರಗಳು ಪ್ರತ್ಯೇಕ ಕಡತಗಳಾಗಿ ಉಳಿಯದೆ, ‘ಅಸೆಟ್ಸ್’ ಒಳಗಿನ ‘ಬಿನ್’, ಅದರೊಳಗಿನ ‘ಡೇಟಾ’ ಫೋಲ್ಡರಿನ ದೊಡ್ಡ ಕಡತಗಳಲ್ಲಿ ಬೆರೆತುಹೋಗಿರುತ್ತವೆ. ಅವನ್ನು ಬೇರ್ಪಡಿಸಲು ವಿಶೇಷ ಸಾಧನ ಬೇಕು.

6. ಆ್ಯಪಲ್ ಸಂಸ್ಥೆಯ ಪದ್ಧತಿ

ಐಫೋನಿನ ಆ್ಯಪ್ ಪೊಟ್ಟಣಕ್ಕೆ ‘ಐಪಿಎ’ ಎಂದು ಹೆಸರು. ಇದೂ ಜಿಪ್ ಮಾದರಿಯದೇ. ಬಿಚ್ಚಿದಾಗ ‘ಪೇಲೋಡ್’ ಎಂಬ ಫೋಲ್ಡರೂ ಅದರೊಳಗೆ ‘ಆ್ಯಪ್’ ಎಂದು ಕೊನೆಗೊಳ್ಳುವ ಹೆಸರಿನ ಇನ್ನೊಂದು ಫೋಲ್ಡರೂ ದೊರೆಯುತ್ತವೆ. ಭಾಷೆಗೆ ಸಂಬಂಧಿಸಿದ ಸಾಮಗ್ರಿಯು ‘ಎಲ್‌ಪ್ರೊಜ್’ ಎಂದು ಕೊನೆಗೊಳ್ಳುವ ಫೋಲ್ಡರುಗಳಲ್ಲಿರುತ್ತದೆ, ಕನ್ನಡದ್ದು ‘ಕೆಎನ್.ಎಲ್‌ಪ್ರೊಜ್’. ಸಾಂದ್ರತೆಯನ್ನು ಫೋಲ್ಡರಿನ ಹೆಸರಿನಲ್ಲಿ ಅಲ್ಲದೆ ಕಡತದ ಹೆಸರಿನ ಕೊನೆಯಲ್ಲಿ 2ಎಕ್ಸ್, 3ಎಕ್ಸ್ ಎಂಬ ಗುರುತಿನಿಂದ ಸೂಚಿಸುವುದು ಇಲ್ಲಿನ ರೂಢಿ. ಮೊದಲನೆಯದು 2010ರ ಐಫೋನ್ 4ರೊಡನೆ, ಎರಡನೆಯದು 2014ರ ಐಫೋನ್ 6 ಪ್ಲಸ್‌ನೊಡನೆ ಬಳಕೆಗೆ ಬಂದಿತು.

2013ರಿಂದ ಈಚಿನ ಆ್ಯಪ್‌ಗಳಲ್ಲಿ ಅನೇಕ ಚಿತ್ರಗಳು ಬಿಡಿಯಾಗಿ ಕಾಣುವುದಿಲ್ಲ. ಅವು ‘ಅಸೆಟ್ಸ್.ಕಾರ್’ ಎಂಬ ಒಂದೇ ಸಂಕಲಿತ ಕಡತದಲ್ಲಿ ಸೇರಿಕೊಂಡಿರುತ್ತವೆ. ಬಿಡಿಯಾಗಿ ಉಳಿದ ಪಿಎನ್‌ಜಿ ಚಿತ್ರಗಳು ಕೂಡ ಆ್ಯಪಲ್ಲಿನ ವಿಶಿಷ್ಟ ರೂಪಕ್ಕೆ ಪರಿವರ್ತಿತವಾಗಿರುವ ಸಾಧ್ಯತೆಯಿದ್ದು, ಇತರ ಗಣಕಗಳ ಸಾಮಾನ್ಯ ಚಿತ್ರದರ್ಶಕದಲ್ಲಿ ತೆರೆದುಕೊಳ್ಳದಿರಬಹುದು. ಆದ್ದರಿಂದ ತೆರೆಯದ ಚಿತ್ರವನ್ನು ಕೆಟ್ಟ ಕಡತವೆಂದು ಎಣಿಸಿ ಅಳಿಸಿಹಾಕಬಾರದು.

7. ಪೊಟ್ಟಣದ ಪ್ರಾಪ್ತಿ ಮತ್ತು ಗ್ರಂಥಪಾತ

ಸ್ವಂತ ಫೋನಿನಲ್ಲಿ ಸ್ಥಾಪಿತವಾದ ಆಂಡ್ರಾಯ್ಡ್ ಆ್ಯಪ್‌ನ ಪೊಟ್ಟಣವನ್ನು ಪಡೆಯಲು ಗೂಗಲ್ ಸಂಸ್ಥೆಯೇ ಒದಗಿಸಿರುವ ‘ಎಡಿಬಿ’ ಎಂಬ ಸಾಧನ ಸಾಕು. ಫೋನನ್ನು ತಂತಿಯ ಮೂಲಕ ಗಣಕಕ್ಕೆ ಜೋಡಿಸಿ, ಆ್ಯಪ್‌ನ ಗುರುತಿನ ಹೆಸರನ್ನು ಕೊಟ್ಟು ಪೊಟ್ಟಣವಿರುವ ದಾರಿಯನ್ನು ಕೇಳಿದರೆ, ‘ಡೇಟಾ’ ಫೋಲ್ಡರಿನ ಒಳಗಿನ ‘ಆ್ಯಪ್’ ಫೋಲ್ಡರಿಗೆ ಸೇರಿದ ಒಂದು ದಾರಿಯನ್ನು ಅದು ತಿಳಿಸುತ್ತದೆ. ಆ ಕಡತವನ್ನು ಗಣಕಕ್ಕೆ ನಕಲು ಮಾಡಿಕೊಳ್ಳಬಹುದು.

ಹಿಂದೆ ಹೀಗೆ ದೊರೆಯುತ್ತಿದ್ದುದು ಇಡಿಯ ಪೊಟ್ಟಣ. ಈಗ ಹಾಗಲ್ಲ. 2021ರ ಆಗಸ್ಟ್‌ನಿಂದ ಗೂಗಲ್ ಪ್ಲೇ ಮಳಿಗೆಗೆ ಸೇರುವ ಹೊಸ ಆ್ಯಪ್‌ಗಳನ್ನು ತಯಾರಕರು ‘ಆ್ಯಪ್ ಬಂಡಲ್’ ಎಂಬ ರೂಪದಲ್ಲಿ ಸಲ್ಲಿಸಬೇಕಾಗಿದೆ. ಮಳಿಗೆಯು ಅದನ್ನು ಒಡೆದು, ಪ್ರತಿಯೊಂದು ಫೋನಿಗೂ ಬೇಕಾದ ತುಂಡುಗಳನ್ನು ಮಾತ್ರ ಕಳುಹಿಸುತ್ತದೆ. ಎಲ್ಲರಿಗೂ ಸಮಾನವಾದ ‘ಬೇಸ್’ ಒಂದು, ಆ ಫೋನಿನ ಸಾಂದ್ರತೆಗೆ ಒಂದು, ಸಂಸ್ಕಾರಕಕ್ಕೆ ಒಂದು, ಭಾಷೆಗೆ ಒಂದು. ಫೋನಿನ ಭಾಷಾಪಟ್ಟಿಯಲ್ಲಿ ಕನ್ನಡವಿಲ್ಲದಿದ್ದರೆ ಸಾಮಾನ್ಯವಾಗಿ ಕನ್ನಡದ ತುಂಡು ಆ ಫೋನಿಗೆ ಬರುವುದೇ ಇಲ್ಲ. ಇಲ್ಲಿ ಕನ್ನಡದ ಚಿತ್ರಗಳು ಫೋಲ್ಡರಿನಲ್ಲಿದ್ದೂ ಕಾಣಿಸದೆ ಹೋಗುವುದಲ್ಲ. ಫೋನಿನಲ್ಲಿ ಇರುವುದೇ ಇಲ್ಲ. ಕಟ್ಟಿನಿಂದ ಗರಿಗಳು ಕಳಚಿಹೋದ ಹಸ್ತಪ್ರತಿಯನ್ನು ಪೂರ್ಣವೆಂದು ತಿಳಿದಂಥ ಪ್ರಮಾದಕ್ಕೆ ಇದು ಎಡೆಗೊಡುತ್ತದೆ. ಹಸ್ತಪ್ರತಿಯಲ್ಲಿಯಾದರೆ ಗರಿಯ ಸಂಖ್ಯೆ ತಪ್ಪಿರುವುದರಿಂದ ಗ್ರಂಥಪಾತ ಗೊತ್ತಾಗುತ್ತದೆ; ಇಲ್ಲಿ ಅಂಥ ಸೂಚನೆ ಎದ್ದುಕಾಣುವುದಿಲ್ಲ.

ಆದುದರಿಂದ ಆ್ಯಪ್‌ನ್ನು ಸ್ಥಾಪಿಸುವ ಮೊದಲೇ ಫೋನಿನ ಭಾಷಾಪಟ್ಟಿಗೆ ಕನ್ನಡವನ್ನು ಸೇರಿಸುವುದು, ಹೆಚ್ಚಿನ ಸಾಂದ್ರತೆಯ ಫೋನನ್ನು ಬಳಸುವುದು, ಎಡಿಬಿ ತೋರಿಸುವ ದಾರಿಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ನಕಲು ಮಾಡಿಕೊಳ್ಳುವುದು ಅವಶ್ಯ. ಸಾಧ್ಯವಾದಲ್ಲಿ ತಯಾರಕರಿಂದಲೇ ಪೂರ್ಣ ಸಾಮಗ್ರಿಯನ್ನು ಪಡೆಯುವುದು ಎಲ್ಲಕ್ಕಿಂತ ಉತ್ತಮ ಮಾರ್ಗ.

8. ಮೂಲಚಿತ್ರ ಮತ್ತು ಪೊಟ್ಟಣದ ಚಿತ್ರ

ಪೊಟ್ಟಣದಲ್ಲಿ ದೊರೆತ ಕಡತವು ಕಲಾವಿದನ ಕೈಯಿಂದ ಹೊರಟ ಕಡತವೇ ಆಗಿರಬೇಕೆಂಬ ನಿಯಮವಿಲ್ಲ. ‘ಡ್ರಾಯಬಲ್’ ಒಳಗಿನ ಪಿಎನ್‌ಜಿ ಚಿತ್ರಗಳನ್ನು ಆಂಡ್ರಾಯ್ಡಿನ ನಿರ್ಮಾಣ ಸಾಧನವು ಗುಣನಷ್ಟವಿಲ್ಲದಂತೆ ಕುಗ್ಗಿಸಬಲ್ಲುದು. 256ಕ್ಕಿಂತ ಹೆಚ್ಚು ಬಣ್ಣಗಳು ಬೇಕಿಲ್ಲದ ಚಿತ್ರವನ್ನು ಬಣ್ಣಪಟ್ಟಿಯುಳ್ಳ ಚಿಕ್ಕ ರೂಪಕ್ಕೆ ಅದು ತಿರುಗಿಸುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಕಡತ ಬೇರೆಯಾಗುತ್ತದೆ. ‘ರಾ’ ಮತ್ತು ‘ಅಸೆಟ್ಸ್’ ಫೋಲ್ಡರುಗಳ ಚಿತ್ರಗಳಿಗೆ ಈ ಸಂಸ್ಕಾರ ನಡೆಯುವುದಿಲ್ಲವಾದ್ದರಿಂದ ಅವು ಮೂಲಕ್ಕೆ ಹೆಚ್ಚು ಸಮೀಪ. 2014ರ ಆಂಡ್ರಾಯ್ಡ್ 5.0ರಿಂದ ರೇಖಾಚಿತ್ರಗಳನ್ನು ಚುಕ್ಕೆಗಳ ಬದಲು ರೇಖೆಗಳ ಗಣಿತವಾಗಿ ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡುವ ಪದ್ಧತಿಯೂ ಇದೆ. ಇಂಥ ಚಿತ್ರವನ್ನು ಅದರ ಚಿತ್ರರೂಪದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹೆಸರುಗಳಿಗೂ ಇಂಥ ಮಾರ್ಪಾಟು ಉಂಟು. ಇತ್ತೀಚಿನ ನಿರ್ಮಾಣ ಸಾಧನಗಳು ಪೊಟ್ಟಣವನ್ನು ಕಿರಿದಾಗಿಸಲು ‘ರೆಸ್’ ಒಳಗಿನ ದಾರಿಗಳನ್ನು ಮೊಟಕುಗೊಳಿಸಿ, ಒಂದೆರಡು ಅಕ್ಷರಗಳ ಹೆಸರು ಕೊಡುವುದುಂಟು. ಆಗ ಫೋಲ್ಡರಿನ ಹೆಸರಿನಲ್ಲಿದ್ದ ಭಾಷೆ, ಸಾಂದ್ರತೆಗಳ ಸೂಚನೆ ಹೊರಗೆ ಕಾಣುವುದಿಲ್ಲ. ಆದರೂ ‘ರಿಸೋರ್ಸಸ್.ಎಆರ್‌ಎಸ್‌ಸಿ’ ಸೂಚಿಯಲ್ಲಿ ಆ ವಿಶೇಷಣಗಳು ಉಳಿದಿರುವುದರಿಂದ, ಸೂಚಿಯನ್ನು ಓದಬಲ್ಲ ಪೊಟ್ಟಣ ವಿಶ್ಲೇಷಕದ ಮೂಲಕ ಅವುಗಳನ್ನು ಮರಳಿ ಪಡೆಯಬಹುದು.

ಮೂಲಕ್ಕೂ ಪೊಟ್ಟಣಕ್ಕೂ ಇರುವ ಈ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಲು ವಿಕಿಪೀಡಿಯದ ಆಂಡ್ರಾಯ್ಡ್ ಆ್ಯಪ್ ಒಳ್ಳೆಯ ನಿದರ್ಶನ. ಅದರ ಮೂಲಸಂಕೇತವು ಅಪಾಚೆ ಪರವಾನಗಿಯಡಿ ಸಾರ್ವಜನಿಕವಾಗಿ ಲಭ್ಯವಿದೆ. ಮೂಲದ ‘ರೆಸ್’ ಫೋಲ್ಡರಿನಲ್ಲಿ ಚಿತ್ರಗಳ ‘ಡ್ರಾಯಬಲ್’ ಫೋಲ್ಡರುಗಳನ್ನೂ, ಸ್ವಯಂಸೇವಕರ ಅನುವಾದದಿಂದ ಸಿದ್ಧವಾದ ಕನ್ನಡ ಪಠ್ಯದ ‘ವ್ಯಾಲ್ಯೂಸ್-ಕೆಎನ್’ ಫೋಲ್ಡರನ್ನೂ ಓದಬಲ್ಲ ರೂಪದಲ್ಲಿಯೇ ನೋಡಬಹುದು. ಬಳಿಕ ಅದೇ ಆ್ಯಪ್‌ನ ಪೊಟ್ಟಣವನ್ನು ಬಿಚ್ಚಿ ಹೋಲಿಸಿದರೆ ಯಾವುದು ಉಳಿಯಿತು, ಯಾವುದು ರೂಪಾಂತರಗೊಂಡಿತು, ಯಾವುದು ತಮ್ಮ ಫೋನಿಗೆ ಬರಲೇ ಇಲ್ಲ ಎಂಬುದು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗುತ್ತದೆ. 2003ರಿಂದ ಬೆಳೆದುಬಂದಿರುವ ಕನ್ನಡ ವಿಕಿಪೀಡಿಯದ ಲೇಖನಗಳು ಮಾತ್ರ ಈ ಪೊಟ್ಟಣದೊಳಗಿಲ್ಲ. ಓದುವಾಗ ಅಂತರಜಾಲದಿಂದ ಬರುತ್ತವೆ. ಪೊಟ್ಟಣದಲ್ಲಿ ಅಡಕವಾದುದು ಮತ್ತು ಹೊರಗಿನಿಂದ ಬರುವುದು ಎಂಬ ವಿಭಾಗವನ್ನು ಯಾವುದೇ ಆ್ಯಪ್‌ನ ಅಭ್ಯಾಸದಲ್ಲಿ ಮೊದಲಿಗೇ ಮಾಡಿಕೊಳ್ಳಬೇಕು.

9. ಕಾಲ, ಕರ್ತೃತ್ವ ಮತ್ತು ಆಕರನಿರ್ದೇಶನ

ಪೊಟ್ಟಣವನ್ನು ಬಿಚ್ಚಿದಾಗ ಕಡತಗಳ ಪಕ್ಕದಲ್ಲಿ 1980 ಅಥವಾ 1981ರ ದಿನಾಂಕ ಕಾಣಬಹುದು. ಅದನ್ನು ಚಿತ್ರದ ಕಾಲವೆಂದು ಭಾವಿಸಬಾರದು. ಜಿಪ್ ಮಾದರಿಯ ಕಾಲಗಣನೆ 1980ರಿಂದ ಆರಂಭವಾಗುತ್ತದೆ. ಒಂದೇ ಮೂಲದಿಂದ ಪ್ರತಿಸಲವೂ ಒಂದೇ ಪೊಟ್ಟಣ ಸಿದ್ಧವಾಗಲೆಂಬ ಉದ್ದೇಶದಿಂದ ನಿರ್ಮಾಣ ಸಾಧನಗಳು ನಿಜವಾದ ದಿನಾಂಕದ ಬದಲು ಇಂಥ ಒಂದು ಸ್ಥಿರ ದಿನಾಂಕವನ್ನು ಬರೆಯುತ್ತವೆ. ಕಾಲನಿರ್ಣಯಕ್ಕೆ ಹೆಚ್ಚು ಆಧಾರವಾಗುವುದು ಮ್ಯಾನಿಫೆಸ್ಟಿನಲ್ಲಿರುವ ಆವೃತ್ತಿಯ ಸಂಖ್ಯೆ ಮತ್ತು ಆ ಆವೃತ್ತಿಯ ಪ್ರಕಟಣೆಯ ದಿನಾಂಕ. ಜೆಪೆಗ್ ಚಿತ್ರಗಳಲ್ಲಿ ಕ್ಯಾಮರಾ ಬರೆದ ದಿನಾಂಕ ಉಳಿದಿದ್ದರೆ ಅದೂ ನೆರವಾಗುತ್ತದೆ. ಪೊಟ್ಟಣದ ವಿದ್ಯುನ್ಮಾನ ಸಹಿಯು ಪುಷ್ಪಿಕೆಯಂತೆ ಅದು ಯಾರ ಕೀಲಿಯಿಂದ ಮುದ್ರಿತವಾಯಿತೆಂಬುದನ್ನು ಸೂಚಿಸುತ್ತದೆ. ಚಿತ್ರವನ್ನು ರಚಿಸಿದವರು ಯಾರೆಂಬುದನ್ನು ಹೇಳುವುದಿಲ್ಲ.

ಇಷ್ಟನ್ನು ಗಮನಿಸಿದರೆ ಸಂಶೋಧನ ಪ್ರಬಂಧದಲ್ಲಿ ಆ್ಯಪ್‌ನ ಚಿತ್ರವನ್ನು ಉಲ್ಲೇಖಿಸುವಾಗ ಆ್ಯಪ್‌ನ ಹೆಸರನ್ನಷ್ಟೇ ಕೊಡುವುದು, ಪುಟಸಂಖ್ಯೆಯಿಲ್ಲದೆ ಗ್ರಂಥವನ್ನು ಉಲ್ಲೇಖಿಸಿದಂತೆ, ಅಪೂರ್ಣವೆಂಬುದು ಸ್ಪಷ್ಟ. ಕೆಳಗಿನ ವಿವರಗಳು ಅವಶ್ಯ:

ಅ) ಆ್ಯಪ್‌ನ ಪ್ರಸಿದ್ಧ ಹೆಸರು ಮತ್ತು ಮ್ಯಾನಿಫೆಸ್ಟಿನಲ್ಲಿರುವ ಗುರುತಿನ ಹೆಸರು. ಪ್ರಸಿದ್ಧ ಹೆಸರು ಅನೇಕ ಆ್ಯಪ್‌ಗಳಿಗೆ ಸಮಾನವಾಗಿರಬಹುದು. ಒಂದು ಮಳಿಗೆಯಲ್ಲಿ ಗುರುತಿನ ಹೆಸರು ಒಂದೇ ಆ್ಯಪ್‌ಗೆ ಸೇರಿದ್ದು.

ಆ) ಆವೃತ್ತಿಯ ಹೆಸರು ಮತ್ತು ಸಂಖ್ಯೆ.

ಇ) ಪೊಟ್ಟಣವನ್ನು ಪಡೆದ ಸ್ಥಳ, ದಿನಾಂಕ, ತುಂಡುಗಳಾಗಿ ದೊರೆತಿದ್ದರೆ ಯಾವ ಯಾವ ತುಂಡುಗಳು ಎಂಬ ವಿವರ.

ಈ) ಕಡತದ ಪೂರ್ಣ ದಾರಿ, ಎಂದರೆ ಮೇಲಿನ ಫೋಲ್ಡರಿನಿಂದ ಕಡತದ ಹೆಸರಿನವರೆಗೆ. ದಾರಿ ಮೊಟಕಾಗಿದ್ದರೆ ಸೂಚಿಯಲ್ಲಿರುವ ಹೆಸರು ಮತ್ತು ವಿಶೇಷಣ.

ಉ) ಕಡತದ ‘ಎಸ್‌ಎಚ್‌ಎ-256’ ಮುದ್ರೆ. ಇದು ಕಡತದ ಒಳಹುರುಳಿನಿಂದ ಲೆಕ್ಕಹಾಕಿ ಬರುವ 64 ಅಕ್ಷರ-ಅಂಕಿಗಳ ಸರಣಿ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುವುದರಿಂದ, ಇಬ್ಬರು ಸಂಶೋಧಕರು ಚರ್ಚಿಸುತ್ತಿರುವುದು ಒಂದೇ ಕಡತವೇ ಎಂಬುದನ್ನು ಇದರಿಂದ ಖಚಿತಪಡಿಸಿಕೊಳ್ಳಬಹುದು.

ಕಾನೂನಿನ ಅಂಶವನ್ನೂ ಮರೆಯುವಂತಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಸಂಶೋಧನೆಯನ್ನು ಒಳಗೊಂಡ ಖಾಸಗಿ ಬಳಕೆ ಮತ್ತು ವಿಮರ್ಶೆಯ ಉದ್ದೇಶದ ನ್ಯಾಯೋಚಿತ ಬಳಕೆಗೆ ಅವಕಾಶ ಕೊಟ್ಟಿದೆ. ಆದರೆ ಚಿತ್ರವು ಸ್ವತಂತ್ರ ಕಲಾಕೃತಿಯಾಗಿಯೂ ಕೃತಿಸ್ವಾಮ್ಯಕ್ಕೆ ಒಳಪಡುತ್ತದೆ. ಹೊರತೆಗೆದ ಚಿತ್ರಗಳನ್ನು ಅಭ್ಯಾಸ ಮಾಡುವುದು ಬೇರೆ, ಅವುಗಳನ್ನು ಒಟ್ಟಾಗಿ ಮರುಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಅನುಮತಿಯನ್ನು ಪಡೆಯುವುದೇ ಸರಿಯಾದ ಕ್ರಮ.

10. ಸಮಾರೋಪ

ಮೇಲಿನ ವಿವರಣೆಯಿಂದ ಮೂರು ಅಂಶಗಳು ಸ್ಥಿರಪಡುತ್ತವೆ. ತೆರೆಯ ಮೇಲೆ ಕಾಣುವುದು ಪೊಟ್ಟಣದಲ್ಲಿರುವ ಹಲವು ಪ್ರತಿಗಳಲ್ಲಿ ಒಂದು ಮಾತ್ರ. ಅದರ ಆಯ್ಕೆಯು ಫೋನಿನ ಭಾಷೆ ಮತ್ತು ಸಾಂದ್ರತೆಗಳನ್ನು ಅವಲಂಬಿಸಿದೆ. ಫೋನಿಗೆ ಬಂದ ಪೊಟ್ಟಣವೂ ಇಡಿಯಾದುದಲ್ಲದಿರಬಹುದು. ಕನ್ನಡದ ಭಾಗವೇ ಬಿಟ್ಟುಹೋಗಿರುವ ಸಂಭವವಿದೆ. ಚಿತ್ರದ ನೆಲೆಯು ಅದರ ಅರ್ಥದ ಒಂದು ಭಾಗ. ಫೋಲ್ಡರಿನಿಂದ ಬೇರ್ಪಡಿಸಿ ಬಿಡಿಚಿತ್ರವಾಗಿ ಸಂಗ್ರಹಿಸಿದರೆ ಅದು ಯಾರಿಗಾಗಿ, ಯಾವ ಅಳತೆಗಾಗಿ ಸಿದ್ಧವಾಯಿತೆಂಬ ಮಾಹಿತಿ ನಷ್ಟವಾಗುತ್ತದೆ.

ಹಸ್ತಪ್ರತಿಗಳ ಸಂಗ್ರಹಕ್ಕಾಗಿ ಕನ್ನಡ ವಿದ್ವಾಂಸರು ಊರೂರು ಅಲೆದ ಕಾಲದಲ್ಲಿ ಪ್ರತಿಗಳು ಜೀರ್ಣವಾಗಿದ್ದರೂ ಕಣ್ಣೆದುರಿಗಿದ್ದವು. ಕನ್ನಡವನ್ನು ಚಿತ್ರವಾಗಿ ಹೊತ್ತ ಹಳೆಯ ಆ್ಯಪ್‌ಗಳು ಹಳೆಯ ಫೋನುಗಳೊಡನೆ ಮೂಲೆ ಸೇರುತ್ತಿವೆ. ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಬಳಕೆ ತಪ್ಪಿದ ಫೋನುಗಳಲ್ಲಿ ಉಳಿದಿರಬಹುದಾದ ಇಂಥ ಪೊಟ್ಟಣಗಳನ್ನು, ಬಿಚ್ಚದೆ ಇಡಿಯಾಗಿಯೇ, ಮೇಲೆ ಹೇಳಿದ ವಿವರಗಳೊಡನೆ ಸಂಗ್ರಹಿಸಿಡುವ ಕೆಲಸವನ್ನು ಕೈಗೊಳ್ಳುವುದು ಉಚಿತ. ಅದಕ್ಕೆ ಬೇಕಾದುದು ಒಂದು ಗಣಕ, ಒಂದು ತಂತಿ ಮತ್ತು ಎಲ್ಲಿ ಹುಡುಕಬೇಕೆಂಬ ತಿಳಿವಳಿಕೆ.